ತುಂಬ್ಕೋ, ತಡಿ, ಬಿಡು

ನಮ್ಮ ಪಿ.ಟಿ. ಸರ್ ಎರಡೂ ಕಾಲಿನ ಮೇಲೆ ಸಮನಾಗಿ ನಿಂತದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ, ಬಸ್ಸಿಗೆ ಕಾಯುವಾಗ, ಹೆಡ್ ಮಾಸ್ತರರು ಬೈಯುತ್ತಿರುವಾಗ ಕೂಡ ಅವರ ಮೈಭಾರವೆಲ್ಲ ಬಲಗಾಲಿನ ಮೇಲಿರುತ್ತಿತ್ತು. ಎಡಗಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ. ಹೊಸದಾಗಿ ನೋಡಿದವರು ಕಾಲು ನೋವಿರಬೇಕು ಎಂದುಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ಹುಡುಗಿಯ ಅಜ್ಜ ಮಂಡಿಗೆ ಹಚ್ಚಿಕೊಳ್ಳಲೆಂದು ಎಣ್ಣೆಯ ಬಾಟಲಿಯನ್ನೇ ತಂದುಕೊಟ್ಟಿದ್ದರು. ಸರ್ ಬೇಡವೆನ್ನದೆ ತೆಗೆದುಕೊಂಡು, ಅಜ್ಜ ಹೋದ ಮೇಲೆ ನನ್ನ ಕಡೆ ತಿರುಗಿ, “ನೋವಲ್ರಿ ಅಕ್ಕೋರೆ, ಚಟ” ಎಂದಿದ್ದರು.

ಬಸವಕಲ್ಯಾಣದ ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದೆ. ಮನೆ ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ, ದಿನವೂ ಹುಮನಾಬಾದಿನಿಂದ ಬಸ್ಸು ಹಿಡಿದು ಹೋಗಿ ಬರುವುದು. ಸರ್ ಮುಡಬಿಯವರು, ಶಾಲೆಯ ಹಿಂದಿನ ಓಣಿಯಲ್ಲೇ ಬಾಡಿಗೆ ಮನೆ ಮಾಡಿಕೊಂಡಿದ್ದರು. ಅವರಿಗೂ ನನಗೂ ಗೆಳೆತನವಾಗಲು ಕಾರಣ ಸರ್ಕಾರದ ಒಂದು ನಿಯಮ. ಹೆಣ್ಣುಮಕ್ಕಳ ತಂಡ ಊರು ಬಿಟ್ಟು ಹೋಗಬೇಕಾದರೆ ಜೊತೆಗೆ ಒಬ್ಬ ಶಿಕ್ಷಕಿ ಇರಲೇಬೇಕು. ಬೇರೆ ಯಾರೂ ಒಪ್ಪಲಿಲ್ಲವಾಗಿ ಆ ಶಿಕ್ಷಕಿ ನಾನಾದೆ. ಹೀಗಾಗಿ ಅದುವರೆಗೆ ಒಂದು ಸಲವೂ ಬ್ಯಾಟು ಹಿಡಿಯದಿದ್ದ ನಾನು ವರ್ಷಗಟ್ಟಲೆ ಸಾಫ್ಟ್‌ಬಾಲ್ ನೋಡಿದೆ.

ಆ ಆಟ ನಮ್ಮ ಕಡೆಯದಲ್ಲ. ಸರ್ ಚಿಕ್ಕ ವಯಸ್ಸಿನಲ್ಲಿ ಲಾತೂರಿನಲ್ಲಿ ತರಬೇತಿಗೆ ಹೋದಾಗ ಅಲ್ಲಿಯ ಹುಡುಗಿಯರು ಆಡುವುದನ್ನು ಕಂಡು ಮರುಳಾಗಿ ಬಂದವರು. ಹೆಡ್ ಮಾಸ್ತರರ ಮುಂದೆ ಮೊದಲ ಸಲ ಆ ಚೆಂಡನ್ನು ತಂದಿಟ್ಟ ದಿನ ನಾನೂ ಅಲ್ಲೇ ಇದ್ದೆ. ಹೆಡ್ ಮಾಸ್ತರರು ಅದನ್ನು ಕೈಯಲ್ಲಿ ತೂಗಿ ನೋಡಿ, “ಇದೇನ್ರಿ, ಕ್ರಿಕೆಟ್ಟಾ?” ಎಂದರು.

“ಅಲ್ರಿ ಸರ್. ಇದು ನೆಲಕ್ಕ ಬಡದು ಏಳಂಗಿಲ್ಲ. ಸೀದಾ ಬರ್ತದ.”

“ಹೆಸರ್ನ್ಯಾಗ ಸಾಫ್ಟ್ ಅದ. ಕೈಯಾಗ ಕಲ್ಲಿದ್ದಂಗ ಅದ.”

“ಹೆಸರಷ್ಟೇ ಸಾಫ್ಟ್ ರಿ” ಎಂದು ಸರ್ ನಕ್ಕರು. ನಾವೆಲ್ಲರೂ ನಕ್ಕೆವು.

ಅವರ ಕೊರಳಿನಲ್ಲಿ ಸೀಟಿ ತೂಗುತ್ತಿತ್ತು. ಊದಿದ್ದನ್ನು ನಾನು ಕೇಳಿಲ್ಲ. ಹುಡುಗಿಯರನ್ನು ಕರೆಯುವುದಿದ್ದರೆ “ಅವ್ವಾ” ಎನ್ನುತ್ತಿದ್ದರು. ಸಿಟ್ಟು ಬಂದರೆ ಉರ್ದು, ಖುಷಿಯಾದರೆ ಮರಾಠಿ, ಮಿಕ್ಕ ಹೊತ್ತಿಗೆ ಕನ್ನಡ. ಉರ್ದು ಬಹಳ ಕಡಿಮೆ ಕೇಳಿಸುತ್ತಿತ್ತು. ಸಹೋದ್ಯೋಗಿಯೊಬ್ಬರ ಮಗಳ ಮದುವೆಯಲ್ಲಿ ಅಕ್ಷತೆ ಹಾಕುವಾಗ ಅವರು ಬಲಗಾಲಿನ ಮೇಲೆ ಭಾರ ಹಾಕಿ, ಕೈಯನ್ನು ಹಿಂದಕ್ಕೊಯ್ದು, ಒಂದು ಕ್ಷಣ ಅಲ್ಲೇ ನಿಲ್ಲಿಸಿ, ಆಮೇಲೆ ಎಸೆದದ್ದನ್ನು ನಾವು ಸ್ಟಾಫ್ ರೂಮಿನಲ್ಲಿ ಬಹಳ ದಿನ ಅಭಿನಯಿಸಿ ತೋರಿಸಿ ನಗುತ್ತಿದ್ದೆವು. ಅವರೂ ನಗುತ್ತಿದ್ದರು. ನಕ್ಕು, “ನಿಮ್ಮೆಲ್ಲಾರ ಅಕ್ಕಿ ಮುಂದಿನವರ ತಲಿಮ್ಯಾಲ ಬಿದ್ದಾವ. ನಂದಷ್ಟೇ ಮದಿಮಗನ ಮ್ಯಾಲ ಬಿದ್ದದ” ಎನ್ನುತ್ತಿದ್ದರು.

ಅವರ ಪಾಠವೆಲ್ಲ ಮೂರು ಮಾತಿನಲ್ಲಿತ್ತು. ತುಂಬ್ಕೋ, ತಡಿ, ಬಿಡು.

ಎದುರಿನ ಹುಡುಗಿ ಚೆಂಡು ಎಸೆಯುವ ಮೊದಲು ಕೈಯನ್ನು ಗಾಲಿಯ ಹಾಗೆ ಒಂದು ಪೂರ್ತಿ ಸುತ್ತು ತಿರುಗಿಸುತ್ತಾಳೆ. ಆ ಕೈ ಮೇಲೇರುವಾಗಲೇ ಬ್ಯಾಟು ಹಿಡಿದವಳು ತುಂಬಿಕೊಳ್ಳಬೇಕು. ಎಂದರೆ ಮುಂದಿನ ಭುಜ ತುಸು ಒಳಕ್ಕೆ ತಿರುಗಬೇಕು, ಎರಡೂ ಕೈ ಹಿಂದಿನ ಭುಜದ ಹತ್ತಿರ ಸರಿಯಬೇಕು, ಮೈಭಾರ ಹಿಂದಿನ ಪಾದದ ಒಳಮೈಗೆ ಇಳಿಯಬೇಕು. ಪಾದದ ಹೊರಅಂಚಿಗೆ ಹೋದರೆ ಚೆಲ್ಲಿಹೋಯಿತು ಎಂದೇ ಲೆಕ್ಕ. ಮುಂದಿನ ಕಾಲು ಮೆಲ್ಲಗೆ ಏಳಬೇಕು. ಚೆಂಡು ಎಸೆಯುವವಳ ಕೈ ಬಿಡುವ ಹೊತ್ತಿಗೆ ಆ ಕಾಲು ಸದ್ದಿಲ್ಲದೆ ನೆಲ ಮುಟ್ಟಬೇಕು. ಆದರೆ ಕೈ ಆಗಲೂ ಹಿಂದೆಯೇ ಇರಬೇಕು; ಅದು ತಡಿ. ಆಮೇಲೆ ಸೊಂಟ ತಿರುಗಬೇಕು, ಎಲ್ಲಕ್ಕಿಂತ ಕಡೆಗೆ ಕೈ; ಅದು ಬಿಡು.

“ಇಂಗ್ಲಿಷಿನ್ಯಾಗ ಇದಕ್ಕ ಲೋಡ್ ಅಂತಾರ. ಲಾರಿ ಲೋಡ್ ಅಲ್ಲವಾ. ಬಾವ್ಯಾಗ ಕೊಡ ಹ್ಯಾಂಗ ತುಂಬ್ಕೋತದ, ಹಂಗ. ಗಡಬಡ ಮಾಡಿದ್ರ ಅರ್ಧಾ ಕೊಡ ಬರ್ತದ” ಎಂದು ಅವರು ಹುಡುಗಿಯರಿಗೆ ಹೇಳುವುದನ್ನು ನಾನು ಮೆಟ್ಟಿಲ ಮೇಲೆ ಕುಳಿತು ಪೇಪರು ತಿದ್ದುತ್ತ ಕೇಳುತ್ತಿದ್ದೆ. “ಪಾದ ಇಳಿದದ್ದಕ್ಕೂ ಕೈ ಬಂದದ್ದಕ್ಕೂ ನಡುವ ಒಂದ್ ಉಸರಿನಷ್ಟು ಜಾಗ ಇರಬೇಕು. ಆ ಜಾಗದಾಗೇ ಆಟ ಅದ. ಚೆಂಡು ಬಂದ್ ಮ್ಯಾಲ ತಯಾರಾಗ್ತೀನಿ ಅಂದ್ರ, ಅದು ನಿಮ್ಮನ್ನ ದಾಟಿ ಹೋಗಿ ಚಾ ಕುಡ್ಯಾಕತ್ತಿರ್ತದ.”

ಒಂದು ದಿನ ನನ್ನ ಕೈಗೂ ಬ್ಯಾಟು ಕೊಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಒಬ್ಬ ಹುಡುಗಿ ಮೆಲ್ಲಗೆ ಎಸೆದಳು; ನಾನು ಬೀಸುವಷ್ಟರಲ್ಲಿ ಚೆಂಡು ಹಿಂದಿನ ಗೋಡೆಗೆ ಬಡಿದಿತ್ತು. “ಅಕ್ಕೋರೆ, ನೀವು ಚೆಂಡು ನೋಡಾಕತ್ತೀರಿ. ಮೊದಲ ಅಕಿನ್ನ ನೋಡ್ರಿ, ಒಗೆಯಾಕಿನ್ನ. ಅಕಿ ಜೋಡಿ ನೀವೂ ಉಸರು ತಗೊಳ್ರಿ” ಎಂದರು. ಎರಡನೆಯದಕ್ಕೆ ಬ್ಯಾಟಿನ ತುದಿ ತಾಗಿತು. ಹುಡುಗಿಯರು ಕುಣಿದರು. ಸರ್ ಮಾತ್ರ ಬಹಳ ಗಂಭೀರವಾಗಿ, “ಉಸರು ಬಂತು. ಇನ್ನ ಕಾಲು ಬರ್ಬೇಕು” ಎಂದರು.

ಪಂಚಶೀಲಾ ಎಂಟನೆಯ ತರಗತಿಗೆ ಬಂದು ಸೇರಿದಳು. ಕೊಹಿನೂರವೆಂಬ ಹಳ್ಳಿಯ ಹುಡುಗಿ, ತಾಯಿ ತಂದೆ ಇಬ್ಬರೂ ಕಂಡವರ ಹೊಲದಲ್ಲಿ ಕೂಲಿ ಮಾಡುವವರು. ತೆಳ್ಳಗೆ, ಮಾತು ಕಡಿಮೆ. ಬಸ್ಸು ತಡವಾಗಿ ಬಂದದ್ದಕ್ಕೆ ತಾನೇ ತಪ್ಪಿತಸ್ಥಳೆಂಬಂತೆ ತರಗತಿಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮೊದಲ ವಾರವೇ ಸರ್ ಅವಳ ಕೈಗೆ ಬ್ಯಾಟು ಕೊಟ್ಟರು. ಅವಳು ಯಾರೂ ಹೇಳಿಕೊಡದೆ ಹಿಂದಕ್ಕೆ ಸರಿದು, ಕಾಲೆತ್ತಿ, ಇಳಿಸಿ, ಒಂದು ಗಳಿಗೆ ಕಾದು, ಬೀಸಿದಳು. ಚೆಂಡು ಮೈದಾನದ ಗೋಡೆ ದಾಟಿ ಆಚೆಯ ಗ್ಯಾರೇಜಿನ ತಗಡಿನ ಮೇಲೆ ಢಣ್ಣೆಂದು ಬಿತ್ತು.

ಸರ್ ಚಪ್ಪಾಳೆ ತಟ್ಟಲಿಲ್ಲ. ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟರು.

“ಎಲ್ಲಿ ಕಲ್ತಿ ಅವ್ವಾ?”

“ಎಲ್ಲೀ ಇಲ್ಲ್ರಿ ಸರ್.”

“ಮನ್ಯಾಗ ಏನ್ ಕೆಲಸ ಮಾಡ್ತಿ?”

ಅವಳು ಯೋಚಿಸಿ ಹೇಳಿದಳು: “ಜ್ವಾಳ ಹಾಲಗಾಳ ಆದಾಗ ಹಕ್ಕಿ ಕಾಯ್ತೀನ್ರಿ. ಕವಣಿ ಬೀಸ್ತೀನಿ.”

ಕವಣೆಯಲ್ಲಿ ಕಲ್ಲಿಟ್ಟು ತಲೆಯ ಮೇಲೆ ತಿರುಗಿಸುತ್ತ, ಎಳೆ ತೆನೆಗೆ ಹಕ್ಕಿಗಳ ಗುಂಪು ಇಳಿಯುವ ತನಕ ತಡೆದು, ಆಮೇಲೆ ಬಿಡುವುದು. ಆ ತಡೆಯುವುದು ಅವಳ ಮೈಯಲ್ಲಿ ಕೂತಿತ್ತು. ಸರ್ ನನ್ನ ಬಳಿ ಬಂದು ಮೆಟ್ಟಿಲ ಮೇಲೆ ಕುಳಿತು, “ಇದು ನಾ ಕಲ್ಸಿದ್ದಲ್ರಿ ಅಕ್ಕೋರೆ. ಪೋರಿ ಹೊಲದಿಂದ ತಂದಾಳ. ನಾ ಕೆಡಿಸ್ಲಾರದೆ ಇದ್ರ ಸಾಕು” ಎಂದರು. ಆ ಮಾತು ಆಗ ನನಗೆ ವಿನಯದ ಹಾಗೆ ಕೇಳಿಸಿತು.

ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಪಂಚಶೀಲಾಳನ್ನು ನೋಡಲು ಬೇರೆ ಶಾಲೆಯ ಪಿ.ಟಿ. ಮಾಸ್ತರರೂ ಬರತೊಡಗಿದರು. ಜಿಲ್ಲೆಯಲ್ಲಿ ಗೆದ್ದು ಕಲಬುರಗಿಯ ವಿಭಾಗ ಮಟ್ಟಕ್ಕೆ ಹೋಗುವುದಿತ್ತು. ಅಲ್ಲಿ ಚೆನ್ನಾಗಿ ಆಡಿದವರನ್ನು ರಾಜ್ಯ ತಂಡಕ್ಕೆ ಆರಿಸುತ್ತಿದ್ದರು. ರಾಜ್ಯ ತಂಡಕ್ಕೆ ಹೋದರೆ ಊಟ ವಸತಿ ಸಮೇತ ಕ್ರೀಡಾ ಹಾಸ್ಟೆಲ್ಲಿನಲ್ಲಿ ಕಾಲೇಜು ಓದಬಹುದಿತ್ತು. ಪಂಚಶೀಲಾಳ ಮನೆಯಲ್ಲಿ ಅದಕ್ಕಿಂತ ದೊಡ್ಡ ಮಾತು ಇರಲಿಲ್ಲ. ಸರ್‌ಗೆ ಇದ್ದದ್ದು ಒಂದೇ ಚಿಂತೆ. ನಮ್ಮ ಕಡೆಯ ಹುಡುಗಿಯರ ಚೆಂಡು ನಿಧಾನ. ಕಲಬುರಗಿಯಲ್ಲಿ ಬರುವ ಚೆಂಡು ಜೋರು. ನಿಧಾನದ ಚೆಂಡಿಗೆ ಒಗ್ಗಿದ ಪಂಚಶೀಲಾ ತುಂಬಿಕೊಳ್ಳುವುದನ್ನು ತುಸು ತಡವಾಗಿ ಶುರು ಮಾಡುತ್ತಿದ್ದಳು. ಅದನ್ನು ಬೇಗ ಮಾಡಿಸಬೇಕು.

ಅದಕ್ಕೆ ಅವರು ತಾವೇ ಎಸೆಯತೊಡಗಿದರು. ದಿನ ದಿನಕ್ಕೆ ಒಂದೊಂದು ಹೆಜ್ಜೆ ಹತ್ತಿರ ಬಂದು ಎಸೆಯುವರು. ಹತ್ತಿರವಾದಷ್ಟೂ ಸಮಯ ಕಡಿಮೆ, ಹುಡುಗಿ ಬೇಗ ತಯಾರಾಗಲೇಬೇಕು. ಅವಳು ಆಗುತ್ತಲೂ ಇದ್ದಳು. ಒಂದು ಸಂಜೆ ಅವರು ಇನ್ನೂ ಹತ್ತಿರ ಬಂದರು.

“ಸರ್, ಭಾಳ ಸಮೀಪ ಆತ್ರಿ” ಎಂದಳು ಪಂಚಶೀಲಾ.

“ಇದೊಂದೇ ಅವ್ವಾ. ಇದೊಂದ್ ಹೊಡಿ, ಬಸ್ಸಿಗೆ ಹೋಗು.”

ಶಾಲೆಯಲ್ಲಿದ್ದ ಹೆಲ್ಮೆಟ್ಟಿಗೆ ಮುಖದ ಮುಂದೆ ಜಾಳಿಗೆ ಇರಲಿಲ್ಲ. ಚೆಂಡು ಅವಳ ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗೆ ಬಡಿಯಿತು. ನಾನು ಮೆಟ್ಟಿಲ ಮೇಲಿದ್ದೆ. ಆ ಸದ್ದು ನನಗೆ ಕೇಳಿಸಿತು. ಅವಳು ಕಿರುಚಲಿಲ್ಲ. ಬ್ಯಾಟನ್ನು ನೆಲಕ್ಕೆ ಊರಿ, ಅದನ್ನೇ ಹಿಡಿದುಕೊಂಡು ಕೂತಳು.

ಊರಿನ ಆಸ್ಪತ್ರೆಯವರು ನೋಡಿ ಕಲಬುರಗಿಗೆ ಕಳಿಸಿದರು. ಕಣ್ಣು ಉಳಿಯಿತು. ಕಣ್ಣಿನ ಕೆಳಗಿನ ಎಲುಬು ಸೀಳಿತ್ತು, ಕೂಡಿಕೊಳ್ಳುತ್ತದೆ ಎಂದರು. ಮರುದಿನ ಬೆಳಿಗ್ಗೆ ಅವಳ ತಾಯಿ ತೊಗರಿ ಹೊಲದ ಧೂಳು ಹತ್ತಿದ ಸೀರೆಯಲ್ಲೇ ಬಂದರು. ಸರ್ ವಾರ್ಡಿನ ಬಾಗಿಲಲ್ಲಿ ಕೈ ಜೋಡಿಸಿಕೊಂಡು ನಿಂತಿದ್ದರು.

“ಅವ್ವಾ, ನಂದೇ ತಪ್ಪು. ಸಮೀಪ ಆತು ಅಂತ ಪೋರಿ ಹೇಳಿದ್ಳು. ನಾ ಕೇಳ್ಲಿಲ್ಲ.”

ಆ ತಾಯಿ ಅವರನ್ನು ನೋಡಿ, ಹಾಸಿಗೆಯಲ್ಲಿದ್ದ ಮಗಳನ್ನು ನೋಡಿ, “ಆಟದಾಗ ಆಗ್ತದ್ರಿ ಸರ್. ನೀವೇನ್ ಬೇಕಂತ ಹೊಡದೀರೇನು? ಕೂಡ್ರಿ. ರಾತ್ರಿಯೆಲ್ಲಾ ನಿಂತೇ ಇದ್ದೀರಂತ” ಎಂದರು. ತಮ್ಮ ಚೀಲದಿಂದ ರೊಟ್ಟಿಯ ಗಂಟು ತೆಗೆದು, ಮೊದಲು ಅವರ ಕೈಗೇ ಒಂದು ರೊಟ್ಟಿ ಕೊಟ್ಟರು.

ಸರ್ ಆ ರೊಟ್ಟಿ ಹಿಡಿದುಕೊಂಡು ಹೊರಗೆ ಬಂದರು. ಆಸ್ಪತ್ರೆಯ ಅಂಗಳದಲ್ಲಿ ಅದನ್ನು ತಿನ್ನಲೂ ಆಗದೆ, ಇಡಲೂ ಆಗದೆ ನಿಂತರು. “ಬೈದಿದ್ರ ಛಲೋ ಇತ್ತು ಅಕ್ಕೋರೆ” ಎಂದರು. “ಕಪಾಳಕ್ಕ ಹೊಡದಿದ್ರ ಇನ್ನೂ ಛಲೋ ಇತ್ತು.”

ಆ ವರ್ಷ ಪಂಚಶೀಲಾ ಇಲ್ಲದೆ ಕಲಬುರಗಿಗೆ ಹೋಗಿ ಸೋತು ಬಂದೆವು. ಅದು ದೊಡ್ಡ ಮಾತಾಗಿರಲಿಲ್ಲ. ಬೇಸಿಗೆ ಕಳೆದು ಅವಳು ಹತ್ತನೆಯ ತರಗತಿಗೆ ಬಂದಳು. ಊತ ಇಳಿದಿತ್ತು, ಕಣ್ಣಿನ ಕೆಳಗೊಂದು ಸಣ್ಣ ತಗ್ಗು ಉಳಿದಿತ್ತು, ಅಷ್ಟೇ. ತಾನಾಗಿಯೇ ಬ್ಯಾಟು ತೆಗೆದುಕೊಂಡು ಮೈದಾನಕ್ಕೆ ಹೋದಳು. ಸರ್ ಬೇರೆ ಹುಡುಗಿಯ ಕೈಯಲ್ಲಿ ಚೆಂಡು ಎಸೆಯಿಸಿದರು. ತಾವು ಎಸೆಯುವುದನ್ನು ಆಸ್ಪತ್ರೆಯ ದಿನದಿಂದಲೇ ಬಿಟ್ಟಿದ್ದರು. ಚೆಂಡು ಬಂತು. ಪಂಚಶೀಲಾ ಹಿಂದಕ್ಕೆ ತುಂಬಿಕೊಂಡಳು, ಕಾಲೆತ್ತಿದಳು. ಕಾಲು ಹಾಗೆಯೇ ನಿಂತಿತು. ಚೆಂಡು ಅವಳನ್ನು ದಾಟಿ ಹೋದ ಮೇಲೆ ಇಳಿಯಿತು.

ಮತ್ತೊಂದು ಎಸೆತ. ಮತ್ತೆ ಹಾಗೆಯೇ.

“ಹೆದರಿಕಿ ಆಗಾಕತ್ತದೇನು ಅವ್ವಾ?”

“ಇಲ್ಲ್ರಿ ಸರ್. ಹೆದರಿಕಿ ಇಲ್ಲ. ಕಾಲು ಕೆಳಗ ಬರವಲ್ದ್ರಿ.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಮುಖದಲ್ಲಿ ಹೆದರಿಕೆ ಕಾಣುತ್ತಿರಲಿಲ್ಲ, ಆಶ್ಚರ್ಯ ಕಾಣುತ್ತಿತ್ತು. ತನ್ನ ಕಾಲನ್ನೇ ಅಪರಿಚಿತರ ಕಾಲಿನ ಹಾಗೆ ನೋಡುತ್ತಿದ್ದಳು.

ಅಲ್ಲಿಂದ ಮುಂದೆ ಸರ್ ಮಾಡಿದ್ದನ್ನು ನೋಡುವುದು ಕಷ್ಟವಾಗಿತ್ತು. ಸೈಕಲ್ ಟ್ಯೂಬು ಕತ್ತರಿಸಿ ಪೈಪಿಗೆ ಸಿಕ್ಕಿಸಿ, ಅದರ ಮೇಲೆ ಚೆಂಡಿಟ್ಟು ಹೊಡೆಸಿದರು. ನಿಂತ ಚೆಂಡನ್ನು ಅವಳು ಮೊದಲಿನ ಹಾಗೆಯೇ ಗೋಡೆಯಾಚೆ ಕಳಿಸುತ್ತಿದ್ದಳು. ಅರಿವೆಯ ಚೆಂಡು ಮಾಡಿ ಎಸೆಯಿಸಿದರು, ಅದನ್ನೂ ಹೊಡೆದಳು. ಹಳೆಯ ಕಾಲುಚೀಲ ಸುತ್ತಿ ಚೆಂಡು ಮಾಡಿದರು, ಆಮೇಲೆ ರಬ್ಬರಿನದು, ಆಮೇಲೆ ಅದಕ್ಕೇ ನಿಜವಾದ ಚೆಂಡಿನ ಬಣ್ಣ ಬಳಿದದ್ದು. ಎಲ್ಲವನ್ನೂ ಹೊಡೆದಳು. ನಿಜವಾದ ಚೆಂಡು ಬಂದರೆ ಕಾಲು ಮೇಲೆಯೇ. ಕಾಲೆತ್ತಲೇಬೇಡ, ನೆಲಕ್ಕೇ ಊರಿಕೊಂಡು ಹೊಡಿ ಎಂದರು. ಆಗ ಕೈ ನಿಂತಿತು. ಬೀದರಿನ ಡಾಕ್ಟರರಿಗೆ ತೋರಿಸಿದರು. ಕಣ್ಣು ಸರಿ, ನರ ಸರಿ, ಎಲ್ಲವೂ ಸರಿ ಎಂದರು ಅವರು. ಸರ್ ಹೊರಗೆ ಬಂದು, “ಎಲ್ಲಾ ಬರಾಬರ್ ಅದ ಅಂತ” ಎಂದು ನನಗೆ ಹೇಳಿದ ರೀತಿ ಯಾವುದೋ ಕೆಟ್ಟ ಸುದ್ದಿ ಹೇಳಿದ ಹಾಗಿತ್ತು.

ಕಡೆಕಡೆಗೆ ಹುಡುಗಿಯೇ ಅವರನ್ನು ಸಮಾಧಾನ ಮಾಡುತ್ತಿದ್ದಳು. “ಫಿಕರ್ ಮಾಡಬ್ಯಾಡ್ರಿ ಸರ್. ನಾಳೆ ಬರ್ತದ” ಎಂದು ಬ್ಯಾಟು ಗೋಡೆಗೆ ಒರಗಿಸಿ ಬಸ್ಸಿಗೆ ಓಡುತ್ತಿದ್ದಳು. ಸರ್ ಅವಳು ಓಡುವುದನ್ನು ನೋಡುತ್ತಿದ್ದರು. ಓಡುವಾಗ ಆ ಕಾಲಿಗೆ ಏನೂ ಆಗಿರಲಿಲ್ಲ.

ಒಂದು ಗುರುವಾರ ಮಾಣಿಕನಗರದ ಮಠದ ಅಂಗಳದಲ್ಲಿ ಅವರನ್ನು ಕಂಡು ನನಗೆ ಅಚ್ಚರಿಯಾಯಿತು. ದೇವರು ದಿಂಡರು ಎಂದರೆ ದೂರವಿದ್ದ ಮನುಷ್ಯ. ಕಂಬಕ್ಕೆ ಒರಗಿ ಕೂತಿದ್ದರು, ತೊಡೆಯ ಮೇಲೆ ಒಂದು ತೆಂಗಿನಕಾಯಿ. ನನ್ನನ್ನು ನೋಡಿ ಕಾಯಿಯನ್ನು ಟವೆಲಿನಲ್ಲಿ ಮುಚ್ಚಲು ನೋಡಿದರು, ಆಮೇಲೆ ಬಿಟ್ಟರು.

“ಎಲ್ಲಾ ಮಾಡಿ ನೋಡಿದ್ನಿ ಅಕ್ಕೋರೆ. ಇದೊಂದು ಉಳದಿತ್ತು.”

ನಾನು ಪಕ್ಕದಲ್ಲಿ ಕುಳಿತೆ. ಅವರೇ, “ಕಾಯಿ ಒಡಸಬೇಕಾದ್ರ ಏನಂತ ಕೇಳ್ಕೋಬೇಕ್ರಿ?” ಎಂದರು. “ಪೋರಿ ಕಾಲು ಕೆಳಗ ಬರ್ಲಿ ಅಂತ ಕೇಳ್ಕೊಂಡ್ರ ತಿಳೀತದೇನು?”

ತಿಳಿಯುತ್ತದೆ ಎಂದೆ.

ಕಲಬುರಗಿಯ ಪಂದ್ಯ ಮತ್ತೆ ಬಂತು. ಪಂಚಶೀಲಾಳನ್ನು ಬ್ಯಾಟಿಗೆ ಕಳಿಸದೆ, ಬರೀ ಚೆಂಡು ಹಿಡಿಯಲು ನಿಲ್ಲಿಸಬಹುದಲ್ಲ ಎಂದು ನಾನು ಕೇಳಿದ್ದೆ. ನಮ್ಮ ಶಾಲಾ ಪಂದ್ಯಗಳ ನಿಯಮದಲ್ಲಿ ಹಾಗೆ ಆಗುವುದಿಲ್ಲ, ಆಡುವವರೆಲ್ಲ ಸರದಿಯ ಮೇಲೆ ಬ್ಯಾಟು ಹಿಡಿಯಬೇಕು ಎಂದರು ಸರ್. ತಂಡದಿಂದಲೇ ಬಿಡಬಹುದಿತ್ತು. ಆದರೆ ಪಂಚಶೀಲಾ, “ನನ್ನ ಬಿಡಬ್ಯಾಡ್ರಿ ಸರ್. ಅಲ್ಲಿ ಹೋದ್ರ ಬರ್ತದ. ನನಗ ಅನಸ್ತದ” ಎಂದು ಕೇಳಿಕೊಂಡಿದ್ದಳು. ತಾವೇ ಹೊಡೆದ ಹುಡುಗಿಯನ್ನು ತಾವೇ ಹೊರಗಿಡುವುದು ಅವರಿಂದ ಆಗಲಿಲ್ಲ.

ಪಂದ್ಯದ ಕಡೆಯ ಸರದಿ. ನಾವು ಒಂದು ಓಟ ಹಿಂದಿದ್ದೆವು, ಇನ್ನೊಬ್ಬಳು ಔಟಾದರೆ ಆಟ ಮುಗಿದಂತೆ. ಮೂರನೆಯ ಬೇಸಿನಲ್ಲಿ, ಓಟ ಮುಗಿಸಲು ಕಡೆಯ ನಿಲ್ದಾಣದಲ್ಲಿ, ನಮ್ಮ ಹುಡುಗಿಯೊಬ್ಬಳು ಓಡಲು ಕಾದು ನಿಂತಿದ್ದಳು. ಪಂಚಶೀಲಾ ಬ್ಯಾಟು ಹಿಡಿದು ಬಂದಳು. ಸರ್ ಮೂರನೆಯ ಬೇಸಿನ ಪಕ್ಕದ ಸುಣ್ಣದ ಗೆರೆಯೊಳಗೆ ನಿಂತಿದ್ದರು. ಅಲ್ಲಿಂದಲೇ ಪ್ರತಿ ಹುಡುಗಿಗೂ ಆ ಮೂರು ಮಾತು ಕೂಗುವುದು ಅವರ ರೂಢಿ. ಅವರ ದನಿಯ ತಾಳಕ್ಕೇ ನಮ್ಮ ಹುಡುಗಿಯರು ಆಡುತ್ತಿದ್ದರು.

ಎದುರಿನ ಹುಡುಗಿಯ ಕೈ ಮೇಲೇರಿತು. ಪಂಚಶೀಲಾ ಹಿಂದಕ್ಕೆ ಸರಿದಳು. ಅಷ್ಟು ಚಂದ ತುಂಬಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಾಲೆತ್ತಿದಳು. ಸರ್ ಬಾಯಿ ತೆರೆದರು. ಮಾತು ಬರಲಿಲ್ಲ. ಚೆಂಡು ಹಿಂದಿನವಳ ಕೈಗೆ ಹೋಗಿ ಬಿತ್ತು.

ಎರಡನೆಯದೂ ಹಾಗೆ. ಮೂರನೆಯದಕ್ಕೆ ಅವಳು ಒಂದು ಸಲ ಸರ್ ಕಡೆ ತಿರುಗಿ ನೋಡಿದಳು. ಸರ್ ನೆಲ ನೋಡುತ್ತಿದ್ದರು. ಮೂರನ್ನು ಹೊಡೆಯದೆ ಬಿಟ್ಟರೆ ಔಟು. ಅವಳು ಕಾಲು ಇಳಿಸುವ ಮೊದಲೇ ಎದುರಿನ ತಂಡದವರು ಕುಣಿಯುತ್ತ ಓಡಿ ಬಂದರು.

ಅವಳು ಅಳಲಿಲ್ಲ. ಬ್ಯಾಟು ಹಿಡಿದುಕೊಂಡು ಸೀದಾ ಸರ್ ಹತ್ತಿರ ಹೋದಳು.

“ಸರ್, ನೀವ್ ಯಾಕ ಏನೂ ಅನ್ಲಿಲ್ಲ?”

ಸರ್ ಅವಳ ಕೈಯಿಂದ ಬ್ಯಾಟು ಇಸಿದುಕೊಂಡರು. ಅವಳು ಹೋಗಿ ಉಳಿದ ಹುಡುಗಿಯರ ಜೊತೆ ಕುಳಿತಳು.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿಯರೆಲ್ಲ ಮಲಗಿದ್ದರು. ಸರ್ ಮುಂದಿನ ಸೀಟಿನಿಂದ ತಿರುಗದೆಯೇ ಹೇಳಿದರು: “ಏನ್ ಅನ್ಬೇಕಿತ್ರಿ ಅಕ್ಕೋರೆ? ‘ಬಿಡು’ ಅಂತ ನಾ ಕೂಗಿ, ಅಕಿ ಬಿಡ್ಲಾರದೆ ನಿಂತಿದ್ರ? ಸರ್ ಹೇಳಿದ್ರೂ ಆಗ್ಲಿಲ್ಲ ಅಂತ ಅದೂ ಅಕಿ ತಲಿಮ್ಯಾಲ ಬೀಳ್ತಿತ್ತು. ಸುಮ್ನ ಇದ್ದೆ. ಸುಮ್ನ ಇದ್ದದ್ದೂ ಅಕಿ ತಲಿಮ್ಯಾಲೇ ಬಿತ್ತು.”

ಪಂಚಶೀಲಾ ಹತ್ತನೆಯ ತರಗತಿ ಪಾಸಾಗಿ ಊರಿಗೆ ಹೋದಳು. ಆ ಹುಡುಗಿಯರು ಹೋದ ಮೇಲೆ ಸರ್ ಹೊಸ ತಂಡ ಕಟ್ಟಲಿಲ್ಲ. ಹೆಡ್ ಮಾಸ್ತರರು ಕೇಳಿದಾಗ, “ಖೋಖೋ ಆಡಸ್ತೀನ್ರಿ ಸರ್. ಹುಡುಗ್ಯಾರಿಗೆ ಅದೇ ಛಲೋ” ಎಂದರು. ಖೋಖೋದಲ್ಲೂ ನಮ್ಮ ಶಾಲೆ ಗೆದ್ದಿತು, ಅವರು ಒಳ್ಳೆಯ ಮಾಸ್ತರರೇ. ಆದರೆ ಆಟದ ಸಾಮಾನಿನ ಕೋಣೆಯಿಂದ ಯಾವ ಹುಡುಗಿಯಾದರೂ ಆ ಬ್ಯಾಟು ಎತ್ತಿಕೊಂಡು ಹೊರಗೆ ಬಂದರೆ ಮೆಲ್ಲಗೆ ಹೋಗಿ ಇಸಿದುಕೊಂಡು ಒಳಗಿಟ್ಟು ಬರುತ್ತಿದ್ದರು. ಬೈಯುತ್ತಿರಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿ ಮಾತಾಡಿರೆಂದಾಗ, ಮೈಕಿನ ಮುಂದೆ ನಿಂತು, “ಮಕ್ಕಳು ಹೇಳಿದ್ದು ಕೇಳ್ರಿ” ಎಂದಷ್ಟೇ ಹೇಳಿ ಕುಳಿತರು. ಎದುರಿಗಿದ್ದ ಮಕ್ಕಳು ಅದು ‘ಮಕ್ಕಳೇ, ಹೇಳಿದ್ದು ಕೇಳಿ’ ಎಂದು ತಮಗೆ ಹೇಳಿದ ಬುದ್ಧಿಮಾತೆಂದು ತಿಳಿದು ಚಪ್ಪಾಳೆ ತಟ್ಟಿದರು. ಅವರು ನೋಡುತ್ತಿದ್ದದ್ದು ಸಾಲಾಗಿ ಕೂತಿದ್ದ ನಮ್ಮನ್ನು, ಮಾಸ್ತರರನ್ನು.

ಈ ಬೇಸಿಗೆಯಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ನಾನೂ ಈಗ ನಿವೃತ್ತಳು. ಸುದ್ದಿ ತಿಳಿದು ಬಸವಕಲ್ಯಾಣಕ್ಕೆ ಹೋದೆ. ಅವರ ಹೆಂಡತಿ ಅಳುತ್ತ, “ಈ ವರ್ಷ ಮುಡಬಿಗೂ ಹೋಗ್ಲಿಲ್ರಿ. ವರ್ಷಾ ತಪ್ಪದೆ ಹೋಗ್ತಿದ್ರು. ಯಾಕ ಹೋಗವಲ್ರಿ ಅಂದ್ರ ಮಾತಾಡ್ಲಿಲ್ಲ” ಎಂದರು. ಹುಟ್ಟಿದೂರಿನ ಮೋಹ ಎಂದುಕೊಂಡೆ.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ “ಮೇಡಂ” ಎಂದು ಕೈ ಹಿಡಿದರು. ತಿರುಗಿ ನೋಡಿದರೆ ಮೈ ತುಂಬಿಕೊಂಡ ಹೆಂಗಸು, ಕಂಕುಳಲ್ಲಿ ಚೀಲ. ಕಣ್ಣಿನ ಕೆಳಗಿನ ತಗ್ಗಿನಿಂದ ಗುರುತು ಹಿಡಿದೆ. ಪಂಚಶೀಲಾ. ಮುಡಬಿಗೆ ಮದುವೆಯಾಗಿ ಹೋಗಿದ್ದಾಳೆ, ಅಲ್ಲಿಯ ಅಂಗನವಾಡಿಯಲ್ಲಿ ಸಹಾಯಕಿ, ಇಬ್ಬರು ಮಕ್ಕಳು.

“ಸರ್ ಹೋದದ್ದು ಗೊತ್ತಾತೇನವ್ವಾ?” ಎಂದೆ.

“ಗೊತ್ತಾತ್ರಿ. ನಾ ಮಣ್ಣಿಗೆ ಬರ್ಲಿಲ್ಲ.” ಅವಳು ನನ್ನ ಕೈ ಬಿಟ್ಟಿರಲಿಲ್ಲ. “ಅವ್ರು ನಮ್ಮ ಮನಿಗೆ ಬರ್ತಿದ್ರು ಮೇಡಂ. ನಿಮಗ ಗೊತ್ತಿತ್ತೇನ್ರಿ?”

ಇಲ್ಲ ಎಂದೆ.

“ಮೊದ್ಲು ಕೊಹಿನೂರಕ್ಕ ನಮ್ಮ ಅವ್ವನ ಮನಿಗೆ ಬರ್ತಿದ್ರು. ಮದ್ವಿ ಆದ್ ಮ್ಯಾಲ ಮುಡಬಿಗೆ. ವರ್ಷಕ್ಕೊಮ್ಮಿ. ಮಕ್ಕಳಿಗೆ ಬಿಸ್ಕೀಟಿನ ಪುಡಾ ತರ್ತಿದ್ರು. ‘ಕಣ್ಣು ಹ್ಯಾಂಗದ ಅವ್ವಾ’ ಅಂತಿದ್ರು. ಛಲೋ ಅದ್ರಿ ಅಂತಿದ್ನಿ. ಚಾ ಕುಡ್ಕೋತ ಇಲ್ಲೇ ನೋಡ್ತಿದ್ರು.” ಅವಳು ಕೆನ್ನೆಗೆ ಬೆರಳಿಟ್ಟಳು. “ನನಗ ಎಲ್ಲಾ ಮರತೇ ಹೋಗಿತ್ರಿ. ಮದ್ವಿ, ಮಕ್ಕಳು, ಅಂಗನವಾಡಿ. ಯಾವಾಗರೇ ನೆನಪಾದ್ರೂ ನಗಿ ಬರ್ತಿತ್ತು. ಆದ್ರ ಅವ್ರು ಬಂದು ಹೋದ್ರಂದ್ರ ಮುಗೀತು. ನಿದ್ದಿ ಬರ್ತಿರಲಿಲ್ಲ. ಕಣ್ಣು ಮುಚ್ಚಿದ್ರ ಚೆಂಡು ಬರ್ತಿತ್ತು.”

ಅವಳು ಬಸ್ಸು ಬರುವ ಕಡೆ ಒಮ್ಮೆ ನೋಡಿ ಮತ್ತೆ ನನ್ನ ಕಡೆ ತಿರುಗಿದಳು.

“ಹೋದ ಸಲ ಬಂದಾಗ ಹೇಳಿಬಿಟ್ನಿ ಮೇಡಂ. ‘ಸರ್, ಇನ್ನ ಬರಬ್ಯಾಡ್ರಿ. ನೀವ್ ಬಂದ್ರ ನನಗ ತ್ರಾಸ್ ಆಗ್ತದ’ ಅಂತ. ಸಿಟ್ಟಿಲೆ ಅಲ್ರಿ. ಛಲೋ ರೀತಿಲೇ ಹೇಳಿದ್ನಿ.”

“ಏನಂದ್ರು?”

“‘ಬರಾಬರ್ ಅವ್ವಾ’ ಅಂದ್ರು. ಎದ್ದು ಚಪ್ಪಲ್ ಹುಡುಕಾಕತ್ರು. ಚಪ್ಪಲ್ ಅವ್ರ ಕಾಲ ಮುಂದೇ ಇದ್ವುರಿ. ಆ ಕಡಿ ಈ ಕಡಿ ನೋಡಾಕತ್ತಿದ್ರು, ಕಾಣವಲ್ವಾಗಿದ್ವು. ನಾನೇ ಬಗ್ಗಿ ಅವ್ರ ಕಾಲಿಗೆ ಸರಿಸಿದ್ನಿ. ಹೋದ್ರು.”

ಮುಡಬಿಯ ಬಸ್ಸು ಬಂತು. ಜನ ಬಾಗಿಲಿಗೆ ಮುತ್ತಿದರು. ಅವಳು ಚೀಲ ಸರಿಮಾಡಿಕೊಂಡು ಎರಡು ಹೆಜ್ಜೆ ಹೋಗಿ, ತಿರುಗಿ ಬಂದಳು.

“ನಾ ಹೇಳಬಾರದಿತ್ತೇನ್ರಿ ಮೇಡಂ?”

ಇಡೀ ಆಯುಷ್ಯ ಮಕ್ಕಳಿಗೆ ಮಾತು ಕಲಿಸಿದವಳು ನಾನು. ಹೌದೆಂದರೆ ಅವಳಿಗೆ ಅನ್ಯಾಯ, ಇಲ್ಲವೆಂದರೆ ಅವರಿಗೆ. ಕಂಡಕ್ಟರು ಸೀಟಿ ಊದಿದ. ಅವಳು ಓಡಿ ಹೋಗಿ ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಲ್ಲಿಂದ ನನ್ನನ್ನೇ ನೋಡುತ್ತಿದ್ದಳು, ಇನ್ನೂ ಕೇಳುತ್ತಿರುವ ಹಾಗೆ. ನಾನು ಕೈ ಎತ್ತಿದೆ. ಅದನ್ನು ಅವಳು ಹೋಗಿ ಬಾ ಎಂದು ತಿಳಿದಳೋ, ಇಲ್ಲ ಎಂದು ತಿಳಿದಳೋ, ನಾನು ಯಾವುದನ್ನು ಹೇಳಲು ಎತ್ತಿದೆನೋ. ಬಸ್ಸು ಹಿಂದಕ್ಕೆ ಸರಿದು, ತಿರುಗಿಕೊಂಡು, ಹೋಯಿತು.